ವಜ್ರಲೇಪವೂ ಔಷಧದ ಕವಚವೂ

ಕಾವೇರಿಯು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಬಳಿಯಲ್ಲಿ ಇಬ್ಬಗೆಯಾಗಿ ಒಡೆದು, ಒಂದು ಕವಲು ಗಗನಚುಕ್ಕಿಯಾಗಿಯೂ ಮತ್ತೊಂದು ಭರಚುಕ್ಕಿಯಾಗಿಯೂ ಧುಮುಕಿ, ನಡುಗಡ್ಡೆಯನ್ನು ಬಳಸಿ ಹರಿದು, ಕೆಳಗೆ ಪುನಃ ಒಂದಾಗುವುದೆಂಬುದು ಸರ್ವವಿದಿತವಾದ ವಿಷಯ. ಮಧ್ಯರಂಗನೆಂದು ಖ್ಯಾತನಾದ ಶ್ರೀರಂಗನಾಥನ ದರ್ಶನಕ್ಕೆಂದು ಬರುವ ಭಕ್ತರಿಗೂ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳವರೆಗೆ ವಿದ್ಯುತ್ತನ್ನು ಕಳುಹಿಸಿದ ಯಂತ್ರಾಗಾರವನ್ನು ನೋಡಲು ಬರುವ ವಿದ್ಯಾರ್ಥಿಗಳಿಗೂ ಈ ಸ್ಥಳ ಸಮಾನವಾಗಿ ಪ್ರಿಯವಾದುದು. ಇಂಥ ಸ್ಥಳಕ್ಕೂ ಜಿಲೆಟಿನ್ ಎಂಬ ಅಂಟಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಹೊಳೆಯ ಮೇಲ್ಗಡೆಯಿಂದ ಬಂದುದು, ಬಹಳ ಹಳೆಯದು. ಅದನ್ನು ಮುಂದೆ ಹೇಳಲಾಗುವುದು. ಅದಕ್ಕೆ ಮೊದಲು ಹೆಸರಿನ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕಾಗಿದೆ.

ಮಂಡ್ಯ ಜಿಲ್ಲೆಯಲ್ಲಿ ಜಿಲೆಟಿನ್ ಎಂಬ ಮಾತು ಕಿವಿಗೆ ಬಿದ್ದೊಡನೆ ಜನರ ಮನಸ್ಸಿಗೆ ತೋರುವುದು ಕಲ್ಲುಗಣಿಯ ಸಿಡಿಮದ್ದಿನ ಕಡ್ಡಿ. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಗಣಿಗಾರಿಕೆಯಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವುಂಟೇ ಎಂಬ ವಾದವು ನಡೆದಾಗಲೂ, 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿಯೂ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿಯೂ ಸ್ಫೋಟಗಳಾಗಿ ಬಡ ಕೂಲಿಕಾರರು ಮಡಿದಾಗಲೂ, ಪತ್ರಿಕೆಗಳು ಈ ಕಡ್ಡಿಯ ಹೆಸರನ್ನು ಮತ್ತೆ ಮತ್ತೆ ಅಚ್ಚುಮಾಡಿದುವು. ಆದರೆ ಆ ಕಡ್ಡಿಗೂ ತಿನ್ನುವ ಜಿಲೆಟಿನ್ನಿಗೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲ. 1875ರಲ್ಲಿ ಆಲ್‌ಫ್ರೆಡ್ ನೊಬೆಲನು ನೈಟ್ರೋಗ್ಲಿಸರಿನ್ ಎಂಬ ಎಣ್ಣೆಯಲ್ಲಿ ಆಮ್ಲಸಂಸ್ಕಾರ ಹೊಂದಿದ ಹತ್ತಿಯನ್ನು ಕರಗಿಸಲು, ಅದು ಲೋಳೆಯಂತೆ ಗಟ್ಟಿಯಾಯಿತು. ಆ ಲೋಳೆತನವನ್ನು ಕಂಡು ಈ ಹೆಸರನ್ನಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಹೆಪ್ಪುಗಟ್ಟುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಮಾತಿದು. ಹೀಗಾಗಿ, ಜಿಲೆಟಿನ್ ಎಂದು ಕರೆಸಿಕೊಳ್ಳುವ ಸಿಡಿಕಡ್ಡಿಯಲ್ಲಿರುವುದು ಗಿಡದ ಹತ್ತಿ. ಅಶ್ವಗಂಧವೆಂದೋ ಬ್ರಾಹ್ಮಿಯೆಂದೋ ನುಗ್ಗೆಸೊಪ್ಪೆಂದೋ ಹೆಸರು ಹೊತ್ತು ಅಂಗಡಿಯ ಗಾಜಿನ ಹಿಂದೆ ಹೊಳೆಯುವ ಗುಳಿಗೆಯ ಕವಚದಲ್ಲಿ ಅನೇಕ ವೇಳೆ ಇರುವುದು ದನ ಎಮ್ಮೆಗಳ ಮೂಳೆಯ ಸಾರ. ಹೆಸರುಗಳು ಮನುಷ್ಯನನ್ನು ಎಷ್ಟು ದೂರ ದಾರಿ ತಪ್ಪಿಸಬಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಜಿಲೆಟಿನ್ ಎಂದರೇನು? ಪ್ರಾಣಿಗಳ ಚರ್ಮ, ಮೂಳೆ, ಸ್ನಾಯುಬಂಧಗಳಲ್ಲಿ ಕೊಲ್ಲಾಜೆನ್ ಎಂಬ ನಾರಿನಂಥ ಸಸಾರಜನಕವಿದೆ. ಅದು ಮೂರೆಳೆಯ ಹುರಿಯಂತೆ ಹೆಣೆದುಕೊಂಡಿರುವುದು. ನೀರಿನಲ್ಲಿ ಬಹಳ ಹೊತ್ತು ಕಾಯಿಸಿದರೆ ಹುರಿ ಬಿಚ್ಚಿ, ಎಳೆಗಳು ನೀರಿನಲ್ಲಿ ಬೆರೆಯುತ್ತವೆ; ಆರಿದಾಗ ಆ ಎಳೆಗಳು ಅಲ್ಲಲ್ಲಿ ಮಾತ್ರ ಮರಳಿ ಹೆಣೆದುಕೊಂಡು, ನಡುವೆ ನೀರನ್ನು ಸೆರೆಹಿಡಿದು ಹೆಪ್ಪಾಗುತ್ತವೆ. ಈ ಹೆಪ್ಪು ಮೈಯ ಶಾಖದ ಸುಮಾರಿಗೆ ಕರಗುವುದರಿಂದಲೇ ಜೆಲ್ಲಿ ಎಂಬ ಸಿಹಿತಿಂಡಿ ಬಾಯಲ್ಲಿಟ್ಟೊಡನೆ ನೀರಾಗುವುದು. ಕಾರ್ಖಾನೆಗಳಲ್ಲಿ ಹಂದಿಯ ಚರ್ಮವನ್ನು ಆಮ್ಲದಲ್ಲಿ ನೆನಸಿಯೂ, ದನದ ಚರ್ಮವನ್ನು ಸುಣ್ಣದಲ್ಲಿ ವಾರಗಟ್ಟಲೆ ನೆನಸಿಯೂ, ಮೂಳೆಗಳಾದರೆ ಮೊದಲು ಆಮ್ಲದಿಂದ ಅವುಗಳ ಸುಣ್ಣದ ಅಂಶವನ್ನು ತೆಗೆದು ಉಳಿದ ಮೆದುಭಾಗವನ್ನು ಸುಣ್ಣದ ನೀರಿನಲ್ಲಿ ಹಾಕಿಯೂ, ಬಳಿಕ ಬಿಸಿನೀರಿನಲ್ಲಿ ಸಾರವನ್ನು ಇಳಿಸುತ್ತಾರೆ. ಭಾರತದಲ್ಲಿ ತಯಾರಾಗುವ ಜಿಲೆಟಿನ್ನಿಗೆ ಮುಖ್ಯವಾದ ಮೂಲದ್ರವ್ಯ ದನ ಎಮ್ಮೆಗಳ ಮೂಳೆ.

ಮಳವಳ್ಳಿಯ ಕಡೆಯ ಮಾಂಸಾಹಾರಿ ಮನೆಗಳಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಇದೇ ತಾಲ್ಲೂಕಿನ ಬಂಡೂರಿನ ಹೆಸರನ್ನು ಹೊತ್ತ ಕುರಿಯ ತಳಿ ನಾಡಿನಲ್ಲೆಲ್ಲ ಪ್ರಸಿದ್ಧ. ಕುರಿ ಮೇಕೆಗಳ ಕಾಲನ್ನು ಸುಟ್ಟು, ಹೆರೆದು, ಮೆಣಸು ಬೆಳ್ಳುಳ್ಳಿಗಳೊಡನೆ ಗಂಟೆಗಟ್ಟಲೆ ಕುದಿಸಿದ ಕಾಲುಸೂಪನ್ನು ಮೂಳೆ ಮುರಿದವರಿಗೂ ಬಾಣಂತಿಯರಿಗೂ ಕೊಡುವ ವಾಡಿಕೆ ಉಂಟು. ಮಿಕ್ಕ ಸೂಪು ಮಾರನೆಯ ದಿನ ಪಾತ್ರೆಯಲ್ಲಿ ಅಲುಗುವ ಗಡ್ಡೆಯಾಗಿರುತ್ತದಷ್ಟೆ, ಅದೇ ಜಿಲೆಟಿನ್. ಆ ಮನೆಯವರು ಅದನ್ನು ತಿಳಿದು ಉಣ್ಣುತ್ತಾರೆ, ಅದರಲ್ಲಿ ಮುಚ್ಚುಮರೆಯಿಲ್ಲ. ಪ್ರಕೃತ ವಿಚಾರವಿರುವುದು ಮುಚ್ಚುಮರೆ ಇರುವ ಕಡೆಯಲ್ಲಿ.

ಚರ್ಮವನ್ನು ಕಾಯಿಸಿ ಅಂಟನ್ನು ತೆಗೆಯುವ ವಿದ್ಯೆ ಈ ನಾಡಿಗೆ ಪರಂಗಿಯವರಿಂದ ಬಂದುದಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ದೇವಾಲಯ, ಪ್ರತಿಮೆ, ಗೋಡೆ, ಬಾವಿಗಳಿಗೆ ಕಾಸಿ ಬಳಿಯತಕ್ಕ ಲೇಪಗಳವು. ಮೊದಲನೆಯದಕ್ಕೆ ಎಳೆಯ ತೂಬರೆಕಾಯಿ, ಬೇಲದಕಾಯಿ, ಬೂರುಗದ ಹೂ, ಬಜೆ ಮೊದಲಾದುವುಗಳನ್ನು ಒಂದು ದ್ರೋಣ ನೀರಿನಲ್ಲಿ ಹಾಕಿ, ಎಂಟನೆಯ ಒಂದು ಪಾಲಿಗೆ ಇಳಿಯುವಂತೆ ಬತ್ತಿಸಿ, ಗುಗ್ಗುಳ, ಸರ್ಜರಸಗಳಂಥ ಮರದಂಟುಗಳನ್ನೂ ಅಗಸೆ, ಬಿಲ್ವಗಳನ್ನೂ ಕೂಡಿಸಬೇಕು. ಇದು ಕೇವಲ ಸಸ್ಯಜನ್ಯ. ಇದೇ ಅಧ್ಯಾಯದಲ್ಲಿ ಮುಂದೆ ಹೇಳಿರುವ ಮತ್ತೊಂದು ಲೇಪಕ್ಕೆ ಗೋವು, ಎಮ್ಮೆ, ಆಡುಗಳ ಕೊಂಬು, ಕತ್ತೆಯ ರೋಮ, ಎಮ್ಮೆಯ ಚರ್ಮ ಇವು ಬೇಕು. ಇದಕ್ಕೆ ಆತನು ವಜ್ರಲೇಪವೆಂಬ ಹೆಸರನ್ನು ಕೊಡದೆ ವಜ್ರತಲವೆಂಬ ಬೇರೆ ಹೆಸರನ್ನು ಕೊಟ್ಟಿರುವುದು ಗಮನಾರ್ಹ. ಕೆಲಸ ಒಂದೇ ಆದರೂ ದ್ರವ್ಯ ಬೇರೆಯಾದಾಗ ಹೆಸರೂ ಬೇರೆಯಾಗಬೇಕೆಂಬ ವಿವೇಕ ಅಲ್ಲಿದೆ.

ಕನ್ನಡನಾಡಿನ ಸಾಕ್ಷ್ಯ ಇದಕ್ಕಿಂತಲೂ ಸ್ಪಷ್ಟವಾದುದು. ಕಲ್ಯಾಣದಲ್ಲಿ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ (ಅಭಿಲಷಿತಾರ್ಥಚಿಂತಾಮಣಿಯೆಂದೂ ಇದಕ್ಕೆ ಹೆಸರುಂಟು, ಇದರ ಮೊದಲ ಭಾಗವನ್ನು ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು) ಚಿತ್ರಕಾರನಿಗೆ ಬೇಕಾದ ವಜ್ರಲೇಪದ ಪಾಕಕ್ರಮವಿದೆ. ಎಮ್ಮೆಯ ಹೊಸ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಬೇಕು. ನೀರನ್ನು ಇಂಗಿಸಿ, ಗಟ್ಟಿಯಾದುದನ್ನು ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು. ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿಟ್ಟು ಬಿಸಿನೀರಿನಿಂದ ಕರಗಿಸಿ, ಬಿಳಿಯ ಮಣ್ಣಿನೊಡನೆ ಕಲಸಿ ಗೋಡೆಗೆ ಮೂರು ಸಲ ಬಳಿಯಬೇಕು. ಬಣ್ಣಗಳಿಗೂ ಇದನ್ನೇ ಬೆರಸಬೇಕು. ಇಂದಿನ ರಸಾಯನಶಾಸ್ತ್ರಜ್ಞನು ಇದನ್ನು ಓದಿದರೆ ಜಿಲೆಟಿನ್ ತಯಾರಿಕೆಯ ವಿಧಾನವೆಂದು ಕೂಡಲೇ ಹೇಳುವನು. ಕಡ್ಡಿ ಮಾಡಿ ಒಣಗಿಸಿ ಇಟ್ಟುಕೊಳ್ಳುವ ಉಪಾಯವಂತೂ ಇಂದಿಗೂ ಬದಲಾಗಿಲ್ಲ. ಕಡ್ಡಿಗೆ ಬದಲು ಹಾಳೆ, ಹಳಕು, ಪುಡಿಗಳು ಬಂದಿವೆ, ಅಷ್ಟೆ. ಬಡಗಿಗಳು ಚರ್ಮದಂಟಿಗೆ ವಜ್ರವೆಂದೂ ಮರವಜ್ರವೆಂದೂ ಹೇಳುತ್ತ ಬಂದುದರಲ್ಲಿ ಆ ಹಳೆಯ ಶಾಸ್ತ್ರದ ಹೆಸರು ಕೈಕಸುಬಿನವರ ಬಾಯಲ್ಲಿ ಉಳಿದುಬಂದಿತು.

ಆ ಸೋಮೇಶ್ವರನ ಕಾಲಕ್ಕೆ ಬಹುಮಟ್ಟಿಗೆ ಹೊಂದಿಕೊಂಡೇ, ಸುಮಾರು 1150ರಲ್ಲಿ, ಇನ್ನೊಬ್ಬ ಸೋಮನಾಥನು ಕನ್ನಡದಲ್ಲಿ ವೈದ್ಯಗ್ರಂಥವೊಂದನ್ನು ಬರೆದನು. ಆತನೇ ಜಗದ್ದಳ ಸೋಮನಾಥ. ಗ್ರಂಥವು ಕರ್ನಾಟಕ ಕಲ್ಯಾಣಕಾರಕ. ಪೂಜ್ಯಪಾದಾಚಾರ್ಯರ ಸಂಸ್ಕೃತ ಕಲ್ಯಾಣಕಾರಕವನ್ನು ಅದು ಕನ್ನಡಿಸಿದುದು. ಈ ಪೂಜ್ಯಪಾದರಿಂದಲೇ ಶಿವನಸಮುದ್ರದ ಪ್ರಾಂತಕ್ಕೆ ಈ ಕಥೆಯ ನಂಟು. ಹೊಳೆಯ ಮೇಲ್ಗಡೆ, ಇಲ್ಲಿಗೆ ಅನತಿದೂರದಲ್ಲಿ, ಗಂಗರ ರಾಜಧಾನಿಯಾಗಿದ್ದ ತಲಕಾಡಿದೆ. ಪೂಜ್ಯಪಾದರು ಗಂಗದೊರೆ ದುರ್ವಿನೀತನಿಗೆ ಗುರುಗಳಾಗಿದ್ದರೆಂದು ಪ್ರತೀತಿ. ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿಯು ಅವರ ತಪಃಸ್ಥಾನವೆಂದು ಜೈನರು ಇಂದಿಗೂ ಯಾತ್ರೆ ಮಾಡುತ್ತಾರೆ. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಗುಡ್ಡದ ಬಾಹುಬಲಿಯೂ ಬಸದಿಗಳ ಅವಶೇಷಗಳೂ ಈ ಸೀಮೆಯಲ್ಲಿ ಆ ಮತವು ಎಷ್ಟು ಬೇರೂರಿತ್ತೆಂಬುದನ್ನು ತೋರಿಸುತ್ತವೆ.

ಸೋಮನಾಥನ ಗ್ರಂಥದ ವಿಶೇಷವೇನೆಂದರೆ, ಅದರ ಚಿಕಿತ್ಸೆಯಲ್ಲಿ ಮದ್ಯ, ಮಾಂಸ, ಮಧುಗಳಿಗೆ ಸ್ಥಾನವಿಲ್ಲ. ಚರಕಸುಶ್ರುತರನ್ನು ಓದಿದವರಿಗೆ ಇದು ಎಂಥ ನಿರ್ಧಾರವೆಂಬುದು ತಿಳಿಯುವುದು. ಆಯುರ್ವೇದವೆಂದರೆ ಸಸ್ಯವೈದ್ಯವೆಂದು ಈಚೆಗೆ ಅನೇಕರು ಭಾವಿಸಿರುವರು, ಅದು ತಪ್ಪು. ಚರಕಸಂಹಿತೆಯಲ್ಲಿ ಮಾಂಸವರ್ಗವೇ ಬೇರೆ ಉಂಟು. ಕ್ಷೀಣನಾದ ರೋಗಿಗೆ ಮಾಂಸರಸವನ್ನು ವಿಧಿಸಿದೆ. ಆಡಿನ ಮಾಂಸದಿಂದ ಮಾಡುವ ರಸಾಯನಗಳು ಇಂದಿಗೂ ತಯಾರಾಗುತ್ತಿವೆ. ಜೈನವೈದ್ಯರು ಆ ಶಾಸ್ತ್ರವನ್ನೆಲ್ಲ ಒಪ್ಪಿಕೊಂಡೂ, ಪ್ರಾಣಿಜನ್ಯವಾದುದನ್ನು ಬಿಟ್ಟು ಚಿಕಿತ್ಸೆ ಸಾಗುವಂತೆ ಯೋಗಗಳನ್ನು ಕಟ್ಟಿದರು. ಅವರಲ್ಲಿ ಉಗ್ರಾದಿತ್ಯಾಚಾರ್ಯನೆಂಬವನು ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ, ವೈದ್ಯರು ನೆರೆದ ಸಭೆಯ ಮುಂದೆ, ಔಷಧದಲ್ಲಿ ಮಾಂಸ ಅನಾವಶ್ಯಕವೆಂದು ವಾದಿಸಿದನೆಂದು ಅವನ ಕಲ್ಯಾಣಕಾರಕದ ಕೊನೆಯಲ್ಲಿ ಸೇರಿರುವ ಹಿತಾಹಿತಾಧ್ಯಾಯದಿಂದ ತಿಳಿದುಬರುತ್ತದೆ. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಲಕ್ಷಣಗ್ರಂಥ ಹುಟ್ಟಿದ ಆಸ್ಥಾನದಲ್ಲಿಯೇ ಗುಳಿಗೆಯಲ್ಲಿ ಏನಿರಬೇಕೆಂಬ ಚರ್ಚೆಯೂ ನಡೆದಿತ್ತೆಂಬುದು ಅಲ್ಪವಾದ ವಿಷಯವಲ್ಲ.

ಹೀಗೆ ಹನ್ನೆರಡನೆಯ ಶತಮಾನದ ಕರ್ಣಾಟದಲ್ಲಿ ಎಮ್ಮೆಯ ಚರ್ಮದ ಅಂಟು ಚಿತ್ರಕಾರನ ಮಡಕೆಯಲ್ಲಿತ್ತು. ಜೈನವೈದ್ಯನ ಮಡಕೆ ಬೇರೆ ಇತ್ತು. ಎರಡು ಕವಲುಗಳೂ ತಮ್ಮ ತಮ್ಮ ಪಾತ್ರದಲ್ಲಿ ಹರಿಯುತ್ತಿದ್ದುವು. ಅವು ಕೂಡಿದ್ದು ಏಳು ಶತಮಾನಗಳ ತರುವಾಯ, ಫ್ರಾನ್ಸು ದೇಶದಲ್ಲಿ.

ಯೂರೋಪಿನವರು ಅಂಟನ್ನು ಊಟಕ್ಕೆ ತಂದ ಬಗೆಯೂ ಸ್ವಾರಸ್ಯವಾದುದು. 1681ರಲ್ಲಿ ಡೆನಿಸ್ ಪಾಪಿನ್ ಎಂಬವನು ಲಂಡನ್ನಿನಲ್ಲಿ, ಆವಿಯನ್ನು ಒಳಗೇ ಅದುಮಿ ಮೂಳೆಗಳನ್ನು ಮೆದುಮಾಡುವ ಬಿಗಿಮುಚ್ಚಳದ ಪಾತ್ರೆಯೊಂದರ ವಿವರವನ್ನು ಪ್ರಕಟಿಸಿದನು. ಇಂದು ಮನೆಮನೆಯಲ್ಲಿ ಸೀಟಿ ಹಾಕುವ ಕುಕ್ಕರಿನ ಮೂಲಪುರುಷ ಅದೇ. ಬಿಸಾಡುವ ಮೂಳೆಯಿಂದ ಬಡವರ ಹೊಟ್ಟೆ ತುಂಬಿಸಬಹುದೆಂಬ ಆಸೆ ಅಂದಿನಿಂದ ಮೊಳೆಯಿತು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ದಾರ್ಸೆ ಎಂಬ ರಸಾಯನಜ್ಞನು ಮೂಳೆಯಿಂದ ತೆಗೆದ ಜಿಲೆಟಿನ್ನಿನ ಸಾರನ್ನು ಪ್ಯಾರಿಸ್ ಪಟ್ಟಣದ ಆಸ್ಪತ್ರೆಗಳಲ್ಲಿ ಬಡರೋಗಿಗಳಿಗೆ ಬಡಿಸುವಂತೆ ಮಾಡಿದನು. ಅಗ್ಗದಲ್ಲಿ ಮಾಂಸದ ಸತ್ವವೆಲ್ಲ ದೊರೆಯಿತೆಂದು ಅಧಿಕಾರಿಗಳು ಹಿಗ್ಗಿದರು. ಉಂಡವರು ಮಾತ್ರ ಹಿಗ್ಗಲಿಲ್ಲ. ವಿವಾದವು ಬೆಳೆಯಲು, ಅಲ್ಲಿಯ ವಿಜ್ಞಾನ ಪರಿಷತ್ತು ಮಜಂಡಿ ಎಂಬ ಶರೀರಶಾಸ್ತ್ರಜ್ಞನ ಮುಂದಾಳುತನದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಹತ್ತು ವರುಷಗಳ ಬಳಿಕ, 1841ರಲ್ಲಿ, ಸಮಿತಿಯ ವರದಿ ಹೊರಬಂದಿತು. ಜಿಲೆಟಿನ್ ಒಂದನ್ನೇ ತಿನ್ನಿಸಿದ ನಾಯಿಗಳು ಸೊರಗಿ ಸತ್ತುವು. ಅದೊಂದರಿಂದಲೇ ಜೀವಧಾರಣೆ ಆಗದು. ಇದಕ್ಕೆ ಕಾರಣವೇನೆಂಬುದು ಬಹುಕಾಲದ ಮೇಲೆ ತಿಳಿಯಿತು. ದೇಹವು ತಾನಾಗಿ ತಯಾರಿಸಿಕೊಳ್ಳಲಾರದ, ಆಹಾರದಿಂದಲೇ ಬರಬೇಕಾದ ಆಮೈನೋ ಆಮ್ಲಗಳಲ್ಲಿ ಒಂದಾದ ಟ್ರಿಪ್ಟೋಫೇನನ್ನು 1901ರಲ್ಲಿ ಇಂಗ್ಲೆಂಡಿನ ಹಾಪ್ಕಿನ್ಸನು ಬೇರ್ಪಡಿಸಿದನು. ಅದು ಜಿಲೆಟಿನ್ನಿನಲ್ಲಿ ಇಲ್ಲವೇ ಇಲ್ಲ.

ಈ ವರದಿಯನ್ನು ಇಂದು ನೆನೆಯಲು ಕಾರಣವುಂಟು. ಕೂದಲಿಗೆ, ಉಗುರಿಗೆ, ಕೀಲಿಗೆ ಎಂದು ಹೇಳಿ ಜಿಲೆಟಿನ್ನನ್ನೂ ಅದರ ಮೂಲವಾದ ಕೊಲ್ಲಾಜೆನ್ನಿನ ಪುಡಿಯನ್ನೂ ಅಂದವಾದ ಡಬ್ಬಿಗಳಲ್ಲಿ ದುಬಾರಿ ಬೆಲೆಗೆ ಮಾರುತ್ತಿದ್ದಾರೆ. ಹೊಟ್ಟೆಗೆ ಸೇರಿದ ಮೇಲೆ ಅದೂ ಬೇಳೆಯ ಸಸಾರಜನಕದಂತೆ ಜೀರ್ಣವಾಗಿ ಒಡೆಯತಕ್ಕದ್ದೇ. ಅನ್ನ, ಬೇಳೆ, ಹಾಲುಗಳ ಜೊತೆಗೆ ಅದೂ ಒಂದಿಷ್ಟು ಹೊಟ್ಟೆಗೆ ಬಿದ್ದರೆ ಹಾನಿಯಿಲ್ಲ. ಅದನ್ನೇ ಪೂರ್ಣವಾದ ಪುಷ್ಟಿಯೆಂದು ನಂಬಿ ಮುದ್ದೆ ಸೊಪ್ಪುಸಾರನ್ನು ಬಿಟ್ಟರೆ ಮಜಂಡಿಯ ನಾಯಿಗಳ ಪಾಡನ್ನು ನೆನೆಯಬೇಕಾಗುವುದು.

ಇನ್ನು ಕವಚದ ವಿಚಾರ. 1834ರಲ್ಲಿ ಮೋತ್ ಎಂಬ ಪ್ಯಾರಿಸ್ಸಿನ ಔಷಧಶಾಸ್ತ್ರದ ವಿದ್ಯಾರ್ಥಿಯು ದುಬ್ಲಾಂಕ್ ಎಂಬ ಔಷಧಗಾರನೊಡನೆ ಕೂಡಿ ಜಿಲೆಟಿನ್ ಕವಚಕ್ಕೆ ಹಕ್ಕುಪತ್ರವನ್ನು ಪಡೆದನು. ಸಣ್ಣ ತೊಗಲಿನ ಚೀಲದಲ್ಲಿ ಪಾದರಸವನ್ನು ತುಂಬಿ, ಕರಗಿದ ಜಿಲೆಟಿನ್ನಿನಲ್ಲಿ ಅದ್ದಿ, ಗಟ್ಟಿಯಾದ ಬಳಿಕ ಪಾದರಸವನ್ನು ಸುರಿದು ಚೀಲವನ್ನು ಹೊರಗೆಳೆದರೆ, ಕವಚ ಉಳಿಯುವುದು. ಅಸಹ್ಯವಾದ ರುಚಿಯ ಕೊಪಾಯ್ಬ ಎಂಬ ಮರದೆಣ್ಣೆಯನ್ನು ರೋಗಿಗಳು ಓಕರಿಸದೆ ನುಂಗಲೆಂದು ಈ ಉಪಾಯವನ್ನು ಹೂಡಿದರು. 1846ರಲ್ಲಿ ಲೆಹುಬಿ ಎಂಬವನು ಒಂದರೊಳಗೊಂದು ಸೇರುವ ಎರಡು ಹೋಳುಗಳ ಕವಚವನ್ನು ಕಲ್ಪಿಸಿದನು. ಇಂದು ಮನೆಯಲ್ಲಿ ಸೊಪ್ಪಿನ ಪುಡಿಯನ್ನು ತುಂಬುವವರು ಕೊಳ್ಳುವ ಖಾಲಿ ಕ್ಯಾಪ್ಸೂಲು ಇದರ ಸಂತತಿಯೇ. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪಿತವಾದ ನ್ಯಾಚುರಲ್ ಕ್ಯಾಪ್ಸೂಲ್ಸ್ ಎಂಬ ಸಂಸ್ಥೆಯು ಇಂಥ ಕವಚಗಳನ್ನು, ಜಿಲೆಟಿನ್ನಿನವನ್ನೂ ಸಸ್ಯಮೂಲದವನ್ನೂ, ತಯಾರಿಸುತ್ತದೆ.

ಮನೆಯಲ್ಲಿ ಕ್ಯಾಪ್ಸೂಲು ತುಂಬುವ ಅಭ್ಯಾಸವು ಈಚೆಗೆ ವಿದ್ಯಾವಂತರ ಕುಟುಂಬಗಳಲ್ಲಿ ಹಬ್ಬುತ್ತಿದೆ. ಹಿತ್ತಲಿನ ಅಮೃತಬಳ್ಳಿ, ನೆಲನೆಲ್ಲಿ, ನುಗ್ಗೆಸೊಪ್ಪುಗಳನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡಿ, ಕವಚದಲ್ಲಿ ತುಂಬಿ, ಪಟ್ಟಣದಲ್ಲಿರುವ ಮಕ್ಕಳಿಗೆ ಕಟ್ಟಿಕೊಡುವುದು. ಉದ್ದೇಶವು ಒಳ್ಳೆಯದೇ. ಆದರೆ ಲೆಕ್ಕವನ್ನು ನೋಡಬೇಕು. ಸಾಮಾನ್ಯವಾಗಿ ಸಿಕ್ಕುವ ಸೊನ್ನೆ ನಂಬರಿನ ಕವಚವು ಸುಮಾರು ಮುಕ್ಕಾಲು ಮಿಲಿಲೀಟರಿಗಿಂತ ಸ್ವಲ್ಪ ಕಡಿಮೆ ಹಿಡಿಯುವುದು. ಸೊಪ್ಪಿನ ಪುಡಿ ಅದರಲ್ಲಿ ಅರ್ಧ ಗ್ರಾಮಿನ ಸುಮಾರಿಗೆ ಮಾತ್ರ ಸೇರುತ್ತದೆ. ಶಾರ್ಙ್ಗಧರನು ಚೂರ್ಣಕ್ಕೆ ಹೇಳಿದ ಪ್ರಮಾಣ ಒಂದು ಕರ್ಷ. ಭಾರತ ಸರ್ಕಾರದ ಆಯುರ್ವೇದ ಯೋಗಸಂಗ್ರಹವು ಕರ್ಷಕ್ಕೆ 12 ಗ್ರಾಮೆಂದು ಗೊತ್ತುಮಾಡಿದೆ. ಅಂದರೆ 24 ಕವಚಗಳನ್ನು ಒಂದೇ ಸಲಕ್ಕೆ ನುಂಗಬೇಕಾಯಿತು! ಇಂದಿನ ವೈದ್ಯರು ಸಾಮಾನ್ಯವಾಗಿ ಹೇಳುವ 3 ಗ್ರಾಮಿಗೂ 6 ಬೇಕು. ದಿನಕ್ಕೊಂದರಂತೆ ನುಂಗಿ, ಗುಣ ಕಾಣದೆ, ಅಮೃತಬಳ್ಳಿಯನ್ನೇ ಹಳಿಯುವವರಿಗೆ ಏನು ಹೇಳುವುದು? ಹೆಚ್ಚು ನುಂಗಿದರೂ ತೊಂದರೆಯುಂಟು; ಗಿಡವೆಂದ ಮಾತ್ರಕ್ಕೆ ಅದು ನಿರಪಾಯಕರವಲ್ಲ, ವೈದ್ಯನನ್ನು ಕೇಳದೆ ತೂಕ ಏರಿಸತಕ್ಕದ್ದಲ್ಲ.

ತ್ರಿಫಲೆಯ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. ಅಳಲೆಕಾಯಿಯ ಒಗರು ಟ್ಯಾನಿನ್ ಎಂಬ ದ್ರವ್ಯದ್ದು. ಚರ್ಮ ಹದಮಾಡುವವರು ಅಳಲೆಕಾಯಿಯನ್ನೂ ತಂಗಡಿಯ ತೊಗಟೆಯನ್ನೂ ಬಳಸುತ್ತ ಬಂದಿರುವುದು ಇದಕ್ಕಾಗಿಯೇ. ಟ್ಯಾನಿನ್ನು ಚರ್ಮದ ಕೊಲ್ಲಾಜೆನ್ನನ್ನು ಕಚ್ಚಿಕೊಂಡು ನೀರಿಗೆ ಕರಗದಂತೆ, ಕೊಳೆಯದಂತೆ ಮಾಡುತ್ತದೆ. ಜಿಲೆಟಿನ್ನನ್ನೂ ಅದು ಹಾಗೆಯೇ ಕಚ್ಚುತ್ತದೆ. ಟ್ಯಾನಿನ್ ಇದೆಯೇ ಇಲ್ಲವೇ ಎಂದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವುದಕ್ಕೆ ಜಿಲೆಟಿನ್ನಿನ ನೀರನ್ನೇ ಹಾಕಿ ನೋಡುವ ಪದ್ಧತಿಯುಂಟು. ಆದಕಾರಣ ತ್ರಿಫಲಾಚೂರ್ಣವನ್ನು ಜಿಲೆಟಿನ್ ಕವಚದಲ್ಲಿ ತುಂಬಿ, ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ಇಟ್ಟರೆ, ಆ ಪುಟ್ಟ ಕೋಶದೊಳಗೆ ಹದಗಾರನ ಕೆಲಸವೇ ಆರಂಭವಾಗಬಹುದು. ಹೊಟ್ಟೆಯಲ್ಲಿ ಕರಗಬೇಕಾದ ಕವಚವು ತಡಮಾಡೀತು. ಬಹಳ ಒಣಗಿದ ಪುಡಿಯಾದರೆ ಕವಚದಲ್ಲಿರುವ ನೂರಕ್ಕೆ 13ರಿಂದ 16ರಷ್ಟು ನೀರನ್ನು ಹೀರಿಕೊಂಡು ಅದು ಸಿಡಿದು ಒಡೆಯುವಂತೆಯೂ ಮಾಡುವುದು.

ರುಚಿಯ ಮಾತನ್ನೂ ಮರೆಯಲಾಗದು. ಕವಚ ಹುಟ್ಟಿದ್ದೇ ನಾಲಗೆಯನ್ನು ವಂಚಿಸಲಿಕ್ಕೆ. ಆಯುರ್ವೇದವಾದರೋ ದ್ರವ್ಯದ ಗುಣವನ್ನು ರಸದಿಂದಲೇ ಎಣಿಸತೊಡಗುತ್ತದೆ. ಕಹಿಯು ನಾಲಗೆಗೆ ತಾಗಿದಲ್ಲಿಂದಲೇ ಔಷಧದ ಕೆಲಸ ಮೊದಲಾಗುವುದೆಂದು ವೈದ್ಯರು ಹೇಳುತ್ತಾರೆ. ಕಹಿ ಸಹಿಸಲಾರದವರಿಗೆ ಅನುಪಾನವೆಂಬುದು ಇತ್ತು. ಬೆಲ್ಲದಲ್ಲಿ ಗುಂಡುಕಟ್ಟುವುದು, ಬಾಳೆಹಣ್ಣಿನ ತುಂಡಿನೊಳಗಿಡುವುದು, ವೀಳ್ಯದೆಲೆಯಲ್ಲಿ ಸುತ್ತುವುದು, ತುಪ್ಪದಲ್ಲಿ ಕಲಸುವುದು. ಇವೂ ಕವಚಗಳೇ, ಆದರೆ ಇವುಗಳಲ್ಲಿ ಏನಿದೆಯೆಂದು ಮಗುವಿಗೂ ಗೊತ್ತು. ಮಂಡ್ಯದ ಆಲೆಮನೆಯ ಅಚ್ಚುಬೆಲ್ಲ ಕೈಗೆಟುಕುವಷ್ಟು ಹತ್ತಿರವಿರುವಾಗ ಮೂಳೆಯ ಕವಚವನ್ನು ಹುಡುಕಿಕೊಂಡು ಹೋಗುವುದೇಕೆಂಬುದು ಕೇಳತಕ್ಕ ಪ್ರಶ್ನೆಯೇ ಸರಿ.

ಅಡಿಗೆಮನೆಯಲ್ಲಿ ಜಿಲೆಟಿನ್ನಿಗೆ ಬದಲಾಗಿ ನಿಲ್ಲಬಲ್ಲುದು ಚೀನಾಗ್ರಾಸ್ ಎಂಬ ಕಡಲಪಾಚಿಯ ಸಾರ. ಅಗರ್ ಎಂದೂ ಇದಕ್ಕೆ ಹೆಸರು. ಇದಕ್ಕೆ ವಿಜ್ಞಾನದಲ್ಲಿ ಸ್ಥಾನ ದೊರೆತುದು ಒಬ್ಬ ಗೃಹಿಣಿಯಿಂದ. ಜರ್ಮನಿಯಲ್ಲಿ ರಾಬರ್ಟ್ ಕಾಖನು ರೋಗಾಣುಗಳನ್ನು ಜಿಲೆಟಿನ್ನಿನ ಹೆಪ್ಪಿನ ಮೇಲೆ ಬೆಳೆಸುತ್ತಿದ್ದಾಗ, ಮನುಷ್ಯನ ಮೈಯ ಶಾಖಕ್ಕೆ ಆ ಹೆಪ್ಪು ಕರಗಿಹೋಗಿ ಕೆಲಸ ಕೆಡುತ್ತಿತ್ತು. ಅವನ ಸಹಾಯಕನ ಹೆಂಡತಿ ಫ್ಯಾನಿ ಹೆಸ್ಸೆ ಎಂಬಾಕೆ 1881ರ ಸುಮಾರಿಗೆ, ತಾನು ಹಣ್ಣಿನ ಜೆಲ್ಲಿಗೆ ಬಳಸುತ್ತಿದ್ದ ಅಗರನ್ನು ಸೂಚಿಸಿದಳು. ಅದು ಬೇಸಿಗೆಯ ಸೆಕೆಗೂ ಕರಗದು. ಇಂದಿಗೂ ಲೋಕದ ಪ್ರಯೋಗಶಾಲೆಗಳೆಲ್ಲ ಆಕೆಯ ಮಾತನ್ನೇ ನಡೆಸುತ್ತಿವೆ. ಔಷಧದ ಕವಚಕ್ಕೂ ಮರದ ತಿರುಳಿನಿಂದಲೋ ಹತ್ತಿಯಿಂದಲೋ ತೆಗೆದ ಸೆಲ್ಯುಲೋಸನ್ನು ಸಂಸ್ಕರಿಸಿ ಮಾಡಿದ ಸಸ್ಯಜನ್ಯ ದ್ರವ್ಯವು ಈಚಿನ ದಶಕಗಳಲ್ಲಿ ಬಳಕೆಗೆ ಬಂದಿದೆ. ಬೆಲೆ ಹೆಚ್ಚು, ತೇವದ ತೊಂದರೆ ಕಡಿಮೆ.

ಹಾಗಾದರೆ ಕೊಳ್ಳುವವನು ಯಾವುದು ಯಾವುದೆಂದು ತಿಳಿಯುವುದು ಹೇಗೆ? ಇಲ್ಲಿ ಕಾನೂನಿನ ನಡೆ ಸ್ವಲ್ಪ ಡೊಂಕು. ಐಸ್‌ಕ್ರೀಮು, ಮಿಠಾಯಿ ಮುಂತಾದ ಆಹಾರಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚಿಹ್ನೆಯೂ ಮಾಂಸಾಹಾರಕ್ಕೆ ಕಂದು ಚಿಹ್ನೆಯೂ 2001ರ ವೇಳೆಗೆ ಜಾರಿಗೆ ಬಂದುವು; 2020ರ ನಿಯಮಗಳು ಕಂದು ಚುಕ್ಕೆಯನ್ನು ತ್ರಿಕೋನವಾಗಿಸಿದುವು. ಪೌಷ್ಟಿಕವೆಂದು ಮಾರುವ ಪದಾರ್ಥಗಳು ಆಹಾರದ ಕಾಯಿದೆಗೆ ಸೇರಿದುವಾದ್ದರಿಂದ ಅವಕ್ಕೂ ಚಿಹ್ನೆ ಬೇಕು. ಔಷಧಗಳು 1940ರ ಔಷಧ ಮತ್ತು ಪ್ರಸಾಧನ ಕಾಯಿದೆಗೆ ಒಳಪಟ್ಟುವು. ಪ್ರಾಣರಕ್ಷಕವಲ್ಲದ ಔಷಧಗಳಿಗೂ ಪ್ರಸಾಧನಗಳಿಗೂ ಇಂಥ ಚಿಹ್ನೆ ಇರಬೇಕೆಂದು 2002ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ತೀರ್ಪಿತ್ತಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಪರಿಣಾಮವಾಗಿ, ಅದೇ ಅಶ್ವಗಂಧ, ಅದೇ ಕವಚ, ಆಹಾರವೆಂದು ಮಾರಿದರೆ ಗುರುತು ಹೊತ್ತು ಬರುತ್ತದೆ. ಔಷಧವೆಂದು ಮಾರಿದರೆ ಗುರುತಿಲ್ಲದೆ ಬರಬಹುದು. ಪ್ರಾಣ ಉಳಿಸುವ ಔಷಧದ ವಿಷಯದಲ್ಲಿ ರೋಗಿಯು ಕವಚದ ಕುಲವನ್ನು ವಿಚಾರಿಸುತ್ತ ಕುಳಿತುಕೊಳ್ಳಬಾರದೆಂಬ ವಾದದಲ್ಲಿ ಹುರುಳಿದೆ. ಆಪತ್ತಿಗೆ ನಿಯಮವಿಲ್ಲವೆಂದು ಧರ್ಮಶಾಸ್ತ್ರಗಳೂ ಹೇಳುತ್ತವೆ. ಆದರೆ ನುಗ್ಗೆಸೊಪ್ಪಿನ ಪುಡಿಯನ್ನು ನುಂಗುವುದರಲ್ಲಿ ಅಂಥ ಆಪತ್ತೇನಿದೆ? ಅಲ್ಲಿ ಹೆಸರನ್ನು ಬರೆಯುವುದಕ್ಕೆ ಅಡ್ಡಿಯಾಗಿರುವುದು ವ್ಯಾಪಾರವೇ ಹೊರತು ವೈದ್ಯವಲ್ಲ.

ಪೊಟ್ಟಣದ ಮೇಲೆ ಏನೂ ಬರೆಯದಿರುವಾಗ ಗೃಹಸ್ಥರು ಮನೆಯಲ್ಲಿಯೇ ಮಾಡಿ ನೋಡಬಹುದಾದ ಪರೀಕ್ಷೆಯೊಂದುಂಟು. ಕವಚದೊಳಗಣ ಪುಡಿಯನ್ನು ಚೆಲ್ಲಿ, ಬರಿಯ ಕವಚವನ್ನು ಇಕ್ಕುಳದಲ್ಲಿ ಹಿಡಿದು ದೀಪದ ಉರಿಗೆ ತೋರಿಸಬೇಕು. ಸಸ್ಯಜನ್ಯವಾದುದು ಕಾಗದ ಸುಟ್ಟ ವಾಸನೆಯನ್ನು ಕೊಡುವುದು. ಜಿಲೆಟಿನ್ನಿನದಾದರೆ ಕೂದಲು ಸುಟ್ಟ ವಾಸನೆ ಕೋಣೆಯನ್ನೆಲ್ಲ ತುಂಬುವುದು. ಉರಿ ಹಚ್ಚಲು ಮನಸ್ಸಿಲ್ಲದವರು ತಣ್ಣೀರಿನಲ್ಲಿ ಹಾಕಿಟ್ಟು ನೋಡಬಹುದು. ಜಿಲೆಟಿನ್ ತಣ್ಣೀರಿನಲ್ಲಿ ಉಬ್ಬಿ ಮೆತ್ತಗಾಗುತ್ತದೆಯೇ ಹೊರತು ಕರಗುವುದಿಲ್ಲ, ನೀರನ್ನು ಬಿಸಿಮಾಡಿದರೆ ಕರಗಿ ಬೆರಳಿಗೆ ಅಂಟುತ್ತದೆ. ಕಲ್ಯಾಣದ ಚಿತ್ರಕಾರನು ಮಣ್ಣಿನ ಪಾತ್ರೆಗೆ ಬಿಸಿನೀರು ಹೊಯ್ದು ಕಡ್ಡಿಯನ್ನು ಕರಗಿಸುತ್ತಿದ್ದುದು ಹೀಗೆಯೇ.